ಕುರ್ಚಿ ಮಾಯವಾಗಿದ್ದು ದೆವ್ವದ ಕೆಲಸವಾ, ಸೆಟ್ಟಿನವರ ಕೆಲಸವಾ?

ಅರ್ಧರಾತ್ರಿ_ಪ್ರೇಕ್ಷಕಿ:

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆ ಪೂರ್ತಿ ಬಯಲಾಗುತ್ತೆ. ‘ದಿ ಶೈನಿಂಗ್’ ನೋಡದವರು ನೋಡಿಕೊಂಡು ಬನ್ನಿ. ಅದು 1980ರ ಸಿನಿಮಾ. ಇಷ್ಟು ವರ್ಷ ಬಿಟ್ಟಿದ್ದೀರಿ, ಇನ್ನೆರಡು ಗಂಟೆ ಬಿಟ್ಟು ಬಂದರೆ ಈ ಚರ್ಚೆ ಎಲ್ಲೂ ಓಡಿಹೋಗಲ್ಲ.

ನಿನ್ನೆ ರಾತ್ರಿ ಮೂರನೇ ಸಲ ನೋಡಿದೆ. ಮೊದಲೆರಡು ಸಲ ಹೆದರಿಕೊಂಡು, ಅರ್ಧ ಕಣ್ಣು ಮುಚ್ಚಿಕೊಂಡು ನೋಡಿದ್ದರಿಂದ ಏನೂ ಕಂಡಿರಲಿಲ್ಲ. ಈ ಸಲ ತಮ್ಮ ಪಕ್ಕದಲ್ಲಿದ್ದ. ಅವನ ಕೈಗೆ ರಿಮೋಟ್ ಕೊಟ್ಟಿದ್ದೇ ತಪ್ಪಾಯಿತು. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ "ಅಕ್ಕಾ, ಇಲ್ನೋಡು" ಅಂತಾನೆ.

ಚಳಿಗಾಲದಲ್ಲಿ ಮುಚ್ಚಿದ ಹೋಟೆಲನ್ನು ಕಾಯಲು ಹೆಂಡತಿ, ಮಗುವಿನ ಜೊತೆ ಬಂದ ಜಾಕ್ ಅಲ್ಲಿನ ದೊಡ್ಡ ಹಾಲ್‌ನಲ್ಲಿ ಕೂತು ಟೈಪ್ ಮಾಡುತ್ತಿರುತ್ತಾನೆ, ಹೆಂಡತಿ ಬಂದು ಮಾತಾಡಿಸುತ್ತಾಳೆ, ಅವನು ಕಾಗದ ಹರಿದು ರೇಗುತ್ತಾನೆ, ನೆನಪಿದೆಯಲ್ಲ? ಅವನ ಬೆನ್ನ ಹಿಂದೆ ದೂರದಲ್ಲಿ ಗೋಡೆಗೆ ತಾಗಿದ ಹಾಗೆ ಒಂದು ಕುರ್ಚಿ ಇದೆ. ಕ್ಯಾಮೆರಾ ಅವಳ ಕಡೆ ಹೋಗಿ ವಾಪಸ್ ಬರುವಷ್ಟರಲ್ಲಿ ಕುರ್ಚಿ ಇಲ್ಲ. ಇನ್ನೊಂದು ಕಟ್ ಆದ ಮೇಲೆ ನೋಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಅಲ್ಲೇ ಇದೆ! ಟೈಪ್‌ರೈಟರ್ ಕೂಡ ಮೊದಲು ತಿಳಿ ಬಣ್ಣದ್ದು, ಆಮೇಲೆ ಗಾಢ ಬಣ್ಣದ್ದು. ಮಗುವಿನ ರೂಮಿನ ಬಾಗಿಲಿಗೆ ಅಂಟಿಸಿದ್ದ ಕುಳ್ಳನ ಸ್ಟಿಕ್ಕರ್ ಇನ್ನೊಂದು ಶಾಟ್‌ನಲ್ಲಿ ಇಲ್ಲ. ಕೊಡಲಿ ಸೀನ್‌ನಲ್ಲಿ ಬಾಗಿಲಿನ ಒಂದು ಹಲಗೆ ಒಡೆದು ಮುಖ ತೂರಿಸುತ್ತಾನೆ, ಸ್ವಲ್ಪ ಹೊತ್ತಿಗೆ ನೋಡಿದರೆ ಎರಡೂ ಹಲಗೆ ಒಡೆದಿವೆ.

ಇದೆಲ್ಲ ವಸ್ತುಗಳ ವಿಷಯ, ಬಿಡಿ. ಆದರೆ ಶುರುವಿನಲ್ಲಿ ಮ್ಯಾನೇಜರ್ ಹೇಳುವ ಕಥೆಯಲ್ಲಿ ಹಿಂದಿನ ಕಾವಲುಗಾರನ ಹೆಸರು ಚಾರ್ಲ್ಸ್ ಗ್ರೇಡಿ, ಅವನಿಗೆ ಎಂಟು ಮತ್ತು ಹತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳು. ಕಾರಿಡಾರ್‌ನಲ್ಲಿ ಕೈಕೈ ಹಿಡಿದು ನಿಲ್ಲುವುದು ಮಾತ್ರ ಅಚ್ಚು ಅವಳಿಗಳ ಹಾಗಿರುವ ಹುಡುಗಿಯರು. ಕೊನೆಗೆ ಬಾತ್‌ರೂಮ್‌ನಲ್ಲಿ ಸಿಗುವವನು ತನ್ನ ಹೆಸರು ಡೆಲ್ಬರ್ಟ್ ಗ್ರೇಡಿ ಅಂತಾನೆ.

ತಮ್ಮನ ಪ್ರಕಾರ ಎಲ್ಲಾ ತಪ್ಪೇ. ನನ್ನ ಗೆಳತಿಯ ಪ್ರಕಾರ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ತಪ್ಪೇ ಮಾಡಲ್ಲ, ಕುರ್ಚಿ ಮಾಯವಾಗಿದ್ದು ಹೋಟೆಲಿನ ದೆವ್ವ. ನನ್ನ ಪ್ರಶ್ನೆ ಇಷ್ಟೇ. ಇದೇ ಕುರ್ಚಿ ಒಂದು ಸಾಮಾನ್ಯ ಸಂಸಾರದ ಸಿನಿಮಾದಲ್ಲಿ ಮಾಯವಾಗಿದ್ದರೆ ಎಲ್ಲರೂ ನಗುತ್ತಿದ್ದರು, ಅಲ್ವಾ? ದೆವ್ವದ ಸಿನಿಮಾ ಅಂತ ರಿಯಾಯಿತಿ ಕೊಡಬೇಕಾ? ತಪ್ಪು ಯಾವುದು, ಬೇಕಂತ ಮಾಡಿದ್ದು ಯಾವುದು ಅಂತ ನೀವು ಹೇಗೆ ಗುರುತಿಸುತ್ತೀರಿ?

ಕತ್ತರಿ_ಕೆಲಸ:

ನಾನು ಎಡಿಟಿಂಗ್ ಮಾಡುತ್ತೇನೆ, ಸಣ್ಣಪುಟ್ಟ ಕೆಲಸಗಳು. ನಿಮ್ಮ ತಮ್ಮನನ್ನು ನಮ್ಮ ಕಡೆ ಕಳಿಸಿ, ಒಳ್ಳೆ ಕಣ್ಣಿದೆ.

ಕುರ್ಚಿ ಹೇಗೆ ಹೋಗುತ್ತೆ ಅಂತ ಹೇಳುತ್ತೇನೆ. ತೆರೆ ಮೇಲೆ ಎರಡು ನಿಮಿಷದ ಮಾತು ಸೆಟ್‌ನಲ್ಲಿ ಎರಡು ನಿಮಿಷ ಆಗಿರಲ್ಲ. ಮೊದಲು ಇಬ್ಬರೂ ಕಾಣುವ ದೂರದ ಶಾಟ್ ತೆಗೆಯುತ್ತಾರೆ. ಆಮೇಲೆ ಒಬ್ಬರ ಕಡೆಯ ಶಾಟ್‌ಗಳೆಲ್ಲ ಒಟ್ಟಿಗೆ. ಆಮೇಲೆ ಲೈಟು, ಕ್ಯಾಮೆರಾ, ವೈರು ಎಲ್ಲಾ ಎತ್ತಿ ಈ ಕಡೆ ತಿರುಗಿಸಿ ಇನ್ನೊಬ್ಬರ ಶಾಟ್‌ಗಳು. ಮಧ್ಯೆ ಊಟ, ಕೆಲವು ಸಲ ಮಧ್ಯೆ ಒಂದು ವಾರ. ಲೈಟಿನ ಸ್ಟ್ಯಾಂಡಿಗೆ ಅಡ್ಡ ಬಂತು ಅಂತ ಯಾರೋ ಒಬ್ಬ ಕುರ್ಚಿ ಪಕ್ಕಕ್ಕಿಡುತ್ತಾನೆ. ವಾಪಸ್ ಇಡಬೇಕಾದ ಹೊತ್ತಿಗೆ ಅವನು ಟೀ ಕುಡಿಯಲು ಹೋಗಿರುತ್ತಾನೆ. ಇದನ್ನು ನೋಡಿಕೊಳ್ಳಲೆಂದೇ ಸ್ಕ್ರಿಪ್ಟ್ ಸೂಪರ್‌ವೈಸರ್ ಇರುತ್ತಾರೆ. ಫೋಟೋ ತೆಗೆದಿಟ್ಟು, ಯಾವ ಕೈಯಲ್ಲಿ ಲೋಟ ಇತ್ತು, ಯಾವ ಮಾತಿಗೆ ತಲೆ ತಿರುಗಿಸಿದರು ಅಂತ ಬರೆದುಕೊಳ್ಳುವುದೇ ಅವರ ಕೆಲಸ. ಆದರೂ ತಪ್ಪುತ್ತೆ. ಈ ಸಿನಿಮಾ ಚಿತ್ರೀಕರಣ ಸುಮಾರು ಒಂದು ವರ್ಷ ನಡೆದಿದೆ, ಕುಬ್ರಿಕ್ ಒಂದೇ ಶಾಟ್‌ಗೆ ಲೆಕ್ಕವಿಲ್ಲದಷ್ಟು ಟೇಕ್ ತೆಗೆಯುವವರು. ಅಷ್ಟು ದಿನ, ಅಷ್ಟು ಟೇಕ್ ಆದ ಮೇಲೆ ಒಂದು ಕುರ್ಚಿ ಅಲುಗಾಡದೇ ಇದ್ದಿದ್ದರೆ ಅದೇ ಪವಾಡ.

ಬಾಗಿಲ ಹಲಗೆಯದು ಬೇರೆ ಜಾತಿಯ ತಪ್ಪು. ಇಂಥದ್ದು ಸಾಮಾನ್ಯವಾಗಿ ಕತ್ತರಿಯಿಂದ ಆಗುತ್ತೆ. ಎರಡನೇ ಹಲಗೆ ಒಡೆಯುವುದನ್ನೂ ಶೂಟ್ ಮಾಡಿರುತ್ತಾರೆ, ಎಡಿಟಿಂಗ್‌ನಲ್ಲಿ ಸೀನ್ ಎಳೆದ ಹಾಗಾಯಿತು ಅಂತ ತೆಗೆದುಹಾಕುತ್ತಾರೆ. ಒಡೆದದ್ದು ಹೋಯಿತು, ಒಡೆದ ಬಾಗಿಲು ಉಳಿಯಿತು.

ನನ್ನದೇ ಒಂದು ಅವಮಾನ ಹೇಳುತ್ತೇನೆ. ಗೆಳೆಯರ ಒಂದು ದೆವ್ವದ ಕಿರುಚಿತ್ರ. ಮೇಜಿನ ಮೇಲೆ ಒಂದೇ ಮೇಣದಬತ್ತಿ, ಹುಡುಗಿ ಡೈರಿ ಓದುತ್ತಾಳೆ. ಎರಡು ರಾತ್ರಿ ಶೂಟ್ ಮಾಡಿದ್ದರು. ಗೋಡೆ ಗಡಿಯಾರದ ಬ್ಯಾಟರಿ ತೆಗೆದಿದ್ದರು, ಅಷ್ಟು ಬುದ್ಧಿ ಇತ್ತು. ಮೇಣದಬತ್ತಿ ಮರೆತರು. ಎಡಿಟ್ ಮಾಡಲು ಕೂತರೆ ಬತ್ತಿ ಒಂದು ಶಾಟ್‌ನಲ್ಲಿ ಗೇಣುದ್ದ, ಮುಂದಿನದರಲ್ಲಿ ಹೆಬ್ಬೆರಳಷ್ಟು, ಅದರ ಮುಂದಿನದರಲ್ಲಿ ಮತ್ತೆ ಗೇಣುದ್ದ! ಜಡೆ ಬೇರೆ ಎಡಗಡೆ, ಬಲಗಡೆ ಹಾರುತ್ತಿತ್ತು. ನಿರ್ದೇಶಕ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. "ಮನೆಯಲ್ಲಿ ಕಾಲ ಸರಿಯಾಗಿ ಓಡ್ತಿಲ್ಲ, ಅದೇ ದೆವ್ವ ಅಂದುಬಿಡೋಣ" ಅಂದ. ಹಾಗೇ ಬಿಟ್ಟೆವು. ನೋಡಿದವರಲ್ಲಿ ಒಬ್ಬರು ಬಂದು ಕಾಲದ ಬಗ್ಗೆ ನೀವು ಮಾಡಿದ್ದು ತುಂಬಾ ಚೆನ್ನಾಗಿದೆ ಅಂತ ಕೈ ಕುಲುಕಿದರು. ಅವತ್ತಿನಿಂದ ‘ಬೇಕಂತಲೇ ಮಾಡಿದ್ದು’ ಅನ್ನುವ ಮಾತು ಕೇಳಿದರೆ ನನಗೆ ಆ ಮೇಣದಬತ್ತಿ ನೆನಪಾಗುತ್ತೆ.

ಎಡಿಟರ್‌ಗೆ ಇದು ಕಾಣಲ್ವಾ ಅಂತ ಕೇಳಬೇಡಿ. ಕಾಣುತ್ತೆ. ಆದರೆ ಕುರ್ಚಿ ಇರುವ ಟೇಕ್‌ನಲ್ಲಿ ನಟನ ಕಣ್ಣು ಸತ್ತಿದ್ದು, ಕುರ್ಚಿ ಇಲ್ಲದ ಟೇಕ್‌ನಲ್ಲಿ ಮೈ ಜುಮ್ ಅನ್ನುವ ಹಾಗೆ ಮಾಡಿದ್ದರೆ ಯಾವುದನ್ನು ಇಡುತ್ತೀರಿ? ವಾಲ್ಟರ್ ಮರ್ಚ್ ಅಂತ ದೊಡ್ಡ ಎಡಿಟರ್ ಇದ್ದಾರೆ. ಅವರು ಒಂದು ಕಟ್‌ನಲ್ಲಿ ಏನೇನು ನೋಡಬೇಕು ಅಂತ ತಮ್ಮದೇ ಒಂದು ಲೆಕ್ಕ ಕೊಟ್ಟಿದ್ದಾರೆ. ಭಾವನೆಗೆ 51 ಶೇಕಡಾ, ಕಥೆಗೆ 23, ಲಯಕ್ಕೆ 10. ಹಾಗೇ ಇಳಿಯುತ್ತಾ ಇಳಿಯುತ್ತಾ, ಜಾಗದಲ್ಲಿ ಯಾವುದು ಎಲ್ಲಿತ್ತು ಅನ್ನುವುದಕ್ಕೆ ಕೊನೆಯಲ್ಲಿ 4. ನಿಮ್ಮ ಕುರ್ಚಿ ಆ ನಾಲ್ಕರಲ್ಲಿ ಬರುತ್ತೆ.

ಬೇಕಂತಲೇ:

ಕತ್ತರಿ ಅವರೇ, ಮೇಣದಬತ್ತಿ ಕಥೆಗೆ ನಕ್ಕು ಸಾಕಾಯಿತು. ಕುರ್ಚಿಯನ್ನು ನಿಮಗೇ ಬಿಟ್ಟುಕೊಡುತ್ತೇನೆ. ಗ್ರೇಡಿಯನ್ನು ಬಿಡಲ್ಲ.

ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಆ ವ್ಯತ್ಯಾಸ ತೆರೆಗೆ ಬರುವ ಮೊದಲು ಎಷ್ಟು ಜನರ ಕೈ ದಾಟಿದೆ? ಕುರ್ಚಿ ಸರಿಸಲು ಒಬ್ಬ ಸಾಕು, ಅದೂ ಯೋಚನೆ ಮಾಡದೆ. ಹೆಸರು ಹಾಗಲ್ಲ. ಚಾರ್ಲ್ಸ್ ಅಂತ ಒಬ್ಬರು ಬರೆದಿದ್ದಾರೆ, ಡೆಲ್ಬರ್ಟ್ ಅಂತ ಬರೆದಿದ್ದಾರೆ, ನಟರು ಅದನ್ನು ಬಾಯಿಪಾಠ ಮಾಡಿದ್ದಾರೆ, ರಿಹರ್ಸಲ್ ಆಗಿದೆ, ಹತ್ತಾರು ಟೇಕ್‌ನಲ್ಲಿ ಅದೇ ಮಾತು ಕೇಳಿದೆ, ಎಡಿಟಿಂಗ್ ರೂಮ್‌ನಲ್ಲಿ ತಿಂಗಳುಗಟ್ಟಲೆ ಕೇಳಿದೆ. ಇಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ ಅಂದರೆ ನಂಬುವುದು ಕಷ್ಟ. ಅದೇ ಸಿನಿಮಾದ ಕೊನೆ ಶಾಟ್ ನೋಡಿ. 1921ರ ಜುಲೈ 4ರ ಪಾರ್ಟಿ ಫೋಟೋದಲ್ಲಿ ಜಾಕ್ ನಗುತ್ತಾ ನಿಂತಿದ್ದಾನೆ. ಒಬ್ಬನೇ ಮನುಷ್ಯ ಎರಡು ಕಾಲದಲ್ಲಿ. ಗ್ರೇಡಿಗೂ ಹಾಗೇ ಎರಡು ಹೆಸರು, ಎರಡು ಬದುಕು. ಬಾತ್‌ರೂಮ್‌ನಲ್ಲಿ ಅವನು ಜಾಕ್‌ಗೆ ಹೇಳುವುದೇ ಅದು, ನೀವು ಮೊದಲಿನಿಂದಲೂ ಇಲ್ಲಿನ ಕಾವಲುಗಾರ ಅಂತ. ಹಾಗಾಗಿ ಆ ವ್ಯತ್ಯಾಸಕ್ಕೆ ಕಥೆಯಲ್ಲೇ ಜಾಗ ಇದೆ. ಸ್ಟಿಕ್ಕರ್‌ಗೆ ಕಥೆಯಲ್ಲಿ ಜಾಗ ಹುಡುಕಬೇಕು, ಹುಡುಕಿದರೆ ಸಿಗುತ್ತೆ ಕೂಡ, ಹುಡುಕಿದರೆ ಎಲ್ಲದಕ್ಕೂ ಸಿಗುತ್ತೆ. ಈ ಸಿನಿಮಾದ ಮೇಲಿನ ಇಂಥ ಹುಡುಕಾಟಗಳನ್ನೇ ಇಟ್ಟುಕೊಂಡು 2012ರಲ್ಲಿ ಒಂದು ಡಾಕ್ಯುಮೆಂಟರಿ ಬಂತು. ಅದರಲ್ಲಿ ಅಮೆರಿಕದವರು ಚಂದ್ರನ ಮೇಲೆ ಇಳಿದ ದೃಶ್ಯಗಳ ಚಿತ್ರೀಕರಣವನ್ನು ಕುಬ್ರಿಕ್ ಮಾಡಿದ್ದರು ಅನ್ನುವವರೆಗೂ ಹೋಗುತ್ತಾರೆ.

ಮ್ಯಾನೇಜರ್ ರೂಮಿನ ಕಿಟಕಿ ನೋಡಿದ್ದೀರಾ? ಅವನ ಬೆನ್ನ ಹಿಂದೆ ಕಿಟಕಿ, ಹೊರಗಿನ ಬೆಳಕು. ಜಾಕ್ ಆ ರೂಮಿಗೆ ನಡೆದುಬಂದ ದಾರಿ, ಸುತ್ತಲಿನ ಕಾರಿಡಾರ್ ನೆನಪಿಟ್ಟುಕೊಂಡರೆ ಆ ರೂಮ್ ಕಟ್ಟಡದ ನಡುವೆ ಇರಬೇಕು. ಅಲ್ಲಿ ಹೊರಗಡೆ ಅನ್ನುವುದೇ ಇಲ್ಲ. ಇದು ಸೆಟ್ ಕಟ್ಟಿದವರ ಲೆಕ್ಕ ತಪ್ಪಿದ್ದೋ, ನಮ್ಮ ದಿಕ್ಕು ತಪ್ಪಿಸಲು ಮಾಡಿದ್ದೋ, ನಾನು ಎರಡೂ ಕಡೆ ವಾದ ಮಾಡಬಲ್ಲೆ. ಆದರೆ ಮೈಗೆ ಏನೋ ಸರಿಯಿಲ್ಲ ಅನಿಸಿದ್ದಂತೂ ಹೌದು, ಕಾರಣ ಗೊತ್ತಾಗುವ ಎಷ್ಟೋ ಮೊದಲೇ.

ಇನ್ನೊಂದು ಮಾತು. ಈ ಸಿನಿಮಾಕ್ಕೆ ಮೂಲವಾದ ಸ್ಟೀಫನ್ ಕಿಂಗ್ ಕಾದಂಬರಿಯಲ್ಲಿ ಹೋಟೆಲಿನ ದೆವ್ವದ ರೂಮಿನ ನಂಬರ್ 217, ಸಿನಿಮಾದಲ್ಲಿ 237. ಇದರ ಮೇಲೆ ಎಷ್ಟು ಗಣಿತ ಮಾಡಿದ್ದಾರೆ ಗೊತ್ತಾ? ಹೊರಗಿನ ಶಾಟ್‌ಗಳಲ್ಲಿ ಕಾಣುವುದು ಅಮೆರಿಕದ ಆರೆಗಾನ್‌ನ ಟಿಂಬರ್‌ಲೈನ್ ಲಾಡ್ಜ್. ಅಲ್ಲಿಯವರು ನಂಬರ್ ಬದಲಾಯಿಸಿ ಅಂತ ಕೇಳಿಕೊಂಡರು. ಅವರಲ್ಲಿ 217 ಇತ್ತು, ಆಮೇಲೆ ಅಲ್ಲಿ ಯಾರೂ ಇಳಿದುಕೊಳ್ಳಲ್ಲ ಅನ್ನುವ ಭಯ. 237 ಅವರಲ್ಲಿ ಇರಲೇ ಇಲ್ಲ. ಅಷ್ಟೇ ಕಥೆ. ಬೇಕಂತಲೇ ಮಾಡಿದ್ದೇ, ಆದರೆ ಅರ್ಥವೇನೂ ಇಲ್ಲ!

ಹುಣ್ಣಿಮೆ_ಲೆಕ್ಕ:

ನೀವೆಲ್ಲ ಕುರ್ಚಿ ಹಿಡಿದು ಕೂತಿದ್ದೀರಿ. ನನ್ನ ಜಗಳ ಚಂದ್ರನ ಜೊತೆ.

ದೆವ್ವದ ಸಿನಿಮಾಗಳಲ್ಲಿ ಮಧ್ಯರಾತ್ರಿ ಗಡಿಯಾರ ಹನ್ನೆರಡು ಹೊಡೆಯುತ್ತೆ, ಕಿಟಕಿಯಾಚೆ ಕುಡಗೋಲಿನಂಥ ತೆಳ್ಳನೆ ಚಂದ್ರ. ಆಗಲ್ಲ ಸ್ವಾಮಿ. ಅಷ್ಟು ತೆಳ್ಳಗಿದ್ದಾನೆ ಅಂದರೆ ಸೂರ್ಯನ ಹತ್ತಿರದಲ್ಲೇ ಇದ್ದಾನೆ ಅಂತ ಅರ್ಥ. ಸಂಜೆ ಸೂರ್ಯನ ಹಿಂದೆಯೇ ಮುಳುಗುತ್ತಾನೆ, ಇಲ್ಲದಿದ್ದರೆ ಬೆಳಗಿನ ಜಾವ ಸೂರ್ಯನಿಗಿಂತ ಸ್ವಲ್ಪ ಮೊದಲು ಹುಟ್ಟುತ್ತಾನೆ. ಮಧ್ಯರಾತ್ರಿ ನೆತ್ತಿ ಹತ್ತಿರ ಇರುವುದು ಹುಣ್ಣಿಮೆ ಚಂದ್ರ ಮಾತ್ರ. ತೋಳಮನುಷ್ಯನ ಸಿನಿಮಾದಲ್ಲಂತೂ ವಾರವಿಡೀ ಹುಣ್ಣಿಮೆ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಹಿಂದೆ ಮುಂದೆ ಒಂದೊಂದು ರಾತ್ರಿ ಗುಂಡಗೆ ಕಾಣುತ್ತೆ, ಅಷ್ಟು ಬಿಡೋಣ. ಏಳು ರಾತ್ರಿ ಜಾಸ್ತಿ ಆಯಿತು. ಇನ್ನು ‘ಇವತ್ತು ಅಮಾವಾಸ್ಯೆ’ ಅಂತ ಪಾತ್ರದ ಬಾಯಲ್ಲಿ ಹೇಳಿಸಿ, ಮುಂದಿನ ಶಾಟ್‌ನಲ್ಲಿ ಅಂಗಳದ ತುಂಬಾ ನೀಲಿ ಬೆಳದಿಂಗಳು ಚೆಲ್ಲುವವರಿಗೆ ನಾನು ಏನೂ ಹೇಳಲ್ಲ.

ಮಿಂಚು ಗುಡುಗು ಒಟ್ಟಿಗೇ ಬರುತ್ತವೆ. ಶಬ್ದಕ್ಕೆ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ದೂರದ ಬೆಟ್ಟದ ಮೇಲೆ ಮಿಂಚಿದರೆ ಸ್ವಲ್ಪ ತಡೆಯಿರಿ. ಆ ಕಾಯುವ ಹೊತ್ತೇ ಜಾಸ್ತಿ ಭಯ ಹುಟ್ಟಿಸುತ್ತೆ, ಅದನ್ನೇ ಕೈಬಿಡುತ್ತಾರೆ. ಆಸ್ಪತ್ರೆಯ ಮಾನಿಟರ್‌ನಲ್ಲಿ ಗೆರೆ ಪೂರ್ತಿ ನೇರವಾದ ಮೇಲೆ ಎದೆಗೆ ಶಾಕ್ ಕೊಟ್ಟು ಎಬ್ಬಿಸುತ್ತಾರೆ. ನೇರ ಗೆರೆಗೆ ಶಾಕ್ ಕೊಡುವುದಿಲ್ಲ. ಶಾಕ್ ಇರುವುದು ಅಡ್ಡಾದಿಡ್ಡಿ ನಡುಗುತ್ತಿರುವ ಹೃದಯವನ್ನು ತಾಳಕ್ಕೆ ತರಲು. 1800ರ ಆಸುಪಾಸಿನ ಕಥೆಯಲ್ಲಿ ವೀಜಾ ಬೋರ್ಡ್ ಇಟ್ಟುಕೊಂಡು ಆತ್ಮ ಕರೆಯುತ್ತಾರೆ. ಆ ಬೋರ್ಡ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ದೆವ್ವ ಹಳೆಯದಿರಬಹುದು, ಬೋರ್ಡ್ ಹೊಸದು.

ಹಿಮದಲ್ಲಿ ನಿಂತು ಮಾತಾಡುತ್ತಾರೆ, ಬಾಯಿಂದ ಹಬೆ ಬರಲ್ಲ. ‘ದಿ ಎಕ್ಸಾರ್ಸಿಸ್ಟ್’ (1973) ಮಾಡಿದವರು ಈ ಒಂದು ಹಬೆಗೋಸ್ಕರ ಮಲಗುವ ಕೋಣೆಯ ಸೆಟ್ಟನ್ನೇ ಫ್ರಿಜ್ ಮಾಡಿಬಿಟ್ಟಿದ್ದರು. ಒಳಗೆ ನೀರು ಹೆಪ್ಪುಗಟ್ಟುವಷ್ಟು ಚಳಿ, ಹುಡುಗಿ ತೆಳು ನೈಟಿಯಲ್ಲಿ. ಆ ಸೀನ್‌ನಲ್ಲಿ ಪಾದ್ರಿಗಳು ನಡುಗುವುದು ಪೂರ್ತಿ ನಟನೆಯಲ್ಲ.

ಈಗ ಸ್ವಲ್ಪ ತಲೆ ಕೆಡುವ ವಿಷಯ. ಇಲ್ಲದೇ ಇರುವುದರ ಬಗ್ಗೆ ತಪ್ಪು ಹೇಳುವುದು ಹೇಗೆ? ಒಂದು ಸಿನಿಮಾದಲ್ಲಿ ರಕ್ತಪಿಶಾಚಿ ಹಗಲಲ್ಲಿ ಓಡಾಡಿತು ಅಂತ ಒಬ್ಬರು ಗಲಾಟೆ ಮಾಡಿದ್ದನ್ನು ಓದಿದೆ. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಡ್ರಾಕುಲಾ ಹಗಲು ಹೊತ್ತು ಲಂಡನ್ ಬೀದಿಯಲ್ಲಿ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೇ. ಬಿಸಿಲು ಬಿದ್ದರೆ ಸಾಯುತ್ತಾನೆ ಅನ್ನುವುದು ಬಂದದ್ದು 1922ರ ಜರ್ಮನ್ ಮೂಕಿ ಸಿನಿಮಾ ‘ನೋಸ್ಫೆರಾಟು’ದಿಂದ. ತಮಾಷೆ ಏನು ಅಂದರೆ, ಆ ಸಿನಿಮಾದಲ್ಲೇ ಪಿಶಾಚಿ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ಊರೊಳಗೆ ಚೆನ್ನಾಗಿ ಬಿಸಿಲಿರುವಾಗ ನಡೆದುಹೋಗುತ್ತೆ. ಕಾಲೇಜಿನಲ್ಲಿ ನಮಗೆ ತೋರಿಸಿದಾಗ ಇಡೀ ಕ್ಲಾಸ್ ನಕ್ಕಿತ್ತು. ಆಮೇಲೆ ಗೊತ್ತಾಗಿದ್ದು, ಆಗಿನ ಕ್ಯಾಮೆರಾಗಳಿಗೆ ರಾತ್ರಿ ಹೊರಗೆ ಶೂಟ್ ಮಾಡುವುದು ಕಷ್ಟ ಇತ್ತು. ಹಗಲಲ್ಲಿ ತೆಗೆದು ಆ ಭಾಗದ ಫಿಲಂಗೆ ನೀಲಿ ಬಣ್ಣ ಹಾಕುತ್ತಿದ್ದರು. ನೀಲಿ ಅಂದರೆ ರಾತ್ರಿ ಅಂತ ನೋಡುವವರಿಗೆ ಗೊತ್ತಿತ್ತು. ಎಷ್ಟೋ ವರ್ಷ ಓಡಾಡಿದ ಕಪ್ಪುಬಿಳುಪು ಪ್ರತಿಗಳಲ್ಲಿ ಆ ನೀಲಿ ಇರಲಿಲ್ಲ. ನಾವು ನಕ್ಕಿದ್ದು ಸಿನಿಮಾ ಮಾಡಿದವರು ಮಾಡದೇ ಇದ್ದ ತಪ್ಪಿಗೆ.

ಕತ್ತರಿ_ಕೆಲಸ:

ಹುಣ್ಣಿಮೆ ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ‘ಶೈನಿಂಗ್’ ಶುರುವಿನಲ್ಲಿ ಬೆಟ್ಟದ ರಸ್ತೆಯಲ್ಲಿ ಕಾರು ಹೋಗುತ್ತೆ, ಕೆಳಗೆ ಬಲಗಡೆ ಹೆಲಿಕಾಪ್ಟರ್ ನೆರಳು ಕಾಣುತ್ತೆ ಅಂತ ಎಲ್ಲರೂ ತೋರಿಸುತ್ತಾರೆ. ಅದು ಚೆನ್ನಾಗಿ ಕಾಣುವುದು ಹಳೆ ಟೀವಿಗೆ ಅಂತ ಬಂದ ಚೌಕ ಪ್ರತಿಯಲ್ಲಿ. ಫಿಲಂ ಮೇಲೆ ಚಿತ್ರ ಮೇಲೆ ಕೆಳಗೆ ಜಾಸ್ತಿ ಇರುತ್ತೆ, ಥಿಯೇಟರ್‌ನಲ್ಲಿ ಮೇಲೂ ಕೆಳಗೂ ಮುಚ್ಚಿ ಅಗಲಕ್ಕೆ ತೋರಿಸುತ್ತಾರೆ. ಟೀವಿಗೆ ಆ ಮುಚ್ಚಿದ್ದನ್ನು ತೆರೆದರು, ಮರೆಯಲ್ಲಿದ್ದದ್ದು ಆಚೆ ಬಂತು. ಮೈಕ್ ಇಣುಕುವ ತಪ್ಪುಗಳಲ್ಲೂ ಎಷ್ಟೋ ಹೀಗೇ. ಹಾಗಾಗಿ ತಪ್ಪು ಹಿಡಿಯುವ ಮೊದಲು ನೀವು ನೋಡುತ್ತಿರುವುದು ಯಾವ ಪ್ರತಿ ಅಂತ ಒಂದು ಸಲ ನೋಡಿ.

ಹಾಗೇ ಅದೇ ಶುರುವಿನಲ್ಲಿ ಮೇಲಿನಿಂದ ಹೋಟೆಲ್ ತೋರಿಸುತ್ತಾರಲ್ಲ, ಕಥೆಯಲ್ಲಿ ಹೋಟೆಲ್ ಪಕ್ಕದಲ್ಲೇ ಇರುವ ಗಿಡಗಳ ಚಕ್ರವ್ಯೂಹ ಅಲ್ಲಿ ಎಲ್ಲಿದೆ? ಇಲ್ಲ. ಲಾಡ್ಜ್ ಅಮೆರಿಕದ್ದು, ಚಕ್ರವ್ಯೂಹ ಇಂಗ್ಲೆಂಡಿನ ಸ್ಟುಡಿಯೋದವರು ಕಟ್ಟಿದ್ದು. ಇದಕ್ಕೆ ನಾನು ದೆವ್ವವನ್ನು ಕರೆಯಲ್ಲ.

ಗೋಡೆ_ದಾಟಿದವ:

ನಿಮ್ಮ ಯಾರಿಗೂ ನೆಲದ ಬಗ್ಗೆ ಚಿಂತೆ ಇಲ್ವಾ? ‘ಘೋಸ್ಟ್’ (1990) ನೋಡಿದಾಗಿನಿಂದ ನನಗೆ ಅದೊಂದೇ. ಸತ್ತವನ ಕೈ ಬಾಗಿಲಲ್ಲಿ ತೂರುತ್ತೆ, ಜನರ ಮೈಯಲ್ಲಿ ತೂರುತ್ತೆ. ಕಾಲು ಮಾತ್ರ ನೆಲದಲ್ಲಿ ತೂರಲ್ಲ, ಆರಾಮಾಗಿ ಮೆಟ್ಟಿಲು ಹತ್ತುತ್ತಾನೆ, ರೈಲಿನಲ್ಲಿ ಓಡಾಡುತ್ತಾನೆ. ರೈಲು ಹೊರಟರೆ ಅವನು ಅಲ್ಲೇ ಹಳಿ ಮೇಲೆ ನಿಂತಿರಬೇಕಿತ್ತು, ಅಲ್ವಾ?

ನನ್ನ ಮಟ್ಟಿಗೆ ದೊಡ್ಡ ತಪ್ಪು ಇದೇ ಜಾತಿಯದು. ಚಂದ್ರ ಎಲ್ಲಾದರೂ ಇರಲಿ. ಸಿನಿಮಾ ತಾನೇ ಒಂದು ನಿಯಮ ಹೇಳಿ ತಾನೇ ಮುರಿದರೆ ನಾನು ಎದ್ದು ಹೋಗುತ್ತೇನೆ. ‘ದಿ ಸಿಕ್ಸ್ತ್ ಸೆನ್ಸ್’ (1999) ಎರಡನೇ ಸಲ ನೋಡುವಾಗ ಪೆನ್ನು ಕಾಗದ ಇಟ್ಟುಕೊಂಡು ಕೂತಿದ್ದೆ, ಸಿಕ್ಕಿಹಾಕಿಸಲೇಬೇಕು ಅಂತ. ತಾನು ಸತ್ತಿರುವುದು ತನಗೇ ಗೊತ್ತಿಲ್ಲದ ನಾಯಕ ಹೋಟೆಲಿನಲ್ಲಿ ಹೆಂಡತಿ ಎದುರು ಬಂದು ಕೂರುತ್ತಾನಲ್ಲ, ಅಲ್ಲಿ ಕುರ್ಚಿ ಎಳೆಯುತ್ತಾನೆ, ಸಿಕ್ಕಿಬೀಳುತ್ತಾನೆ ಅಂದುಕೊಂಡೆ. ಎಳೆಯಲ್ಲ. ಕುರ್ಚಿ ಅಲ್ಲಾಡುವುದೇ ಇಲ್ಲ, ಹಾಗೇ ತೂರಿಕೊಂಡು ಕೂರುತ್ತಾನೆ. ಬಿಲ್ಲಿಗೆ ಕೈ ಚಾಚುತ್ತಾನೆ, ಅಷ್ಟರಲ್ಲಿ ಅವಳು ತೆಗೆದುಕೊಂಡಿರುತ್ತಾಳೆ. ಮೊದಲ ಸಲ ನೋಡಿದಾಗ ಪಾಪ, ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಅಂದುಕೊಂಡಿದ್ದೆ. ಕಾಗದ ಖಾಲಿ ಉಳಿಯಿತು, ಹೊಟ್ಟೆ ಉರಿಯಿತು.

ಹುಣ್ಣಿಮೆ_ಲೆಕ್ಕ:

ನೆಲದ ಪ್ರಶ್ನೆಗೆ ನನ್ನ ಬಳಿ ಉತ್ತರ ಇಲ್ಲ. ಭೂಮಿ ಬೇರೆ ತಿರುಗುತ್ತಿದೆ, ಅದನ್ನು ಯೋಚಿಸಿದರೆ ದೆವ್ವ ಇರುವ ಜಾಗದಲ್ಲೇ ಇರುವುದೂ ಕಷ್ಟ.

ಅರ್ಧರಾತ್ರಿ_ಪ್ರೇಕ್ಷಕಿ:

ಎಲ್ಲರಿಗೂ ಥ್ಯಾಂಕ್ಸ್. ಎಷ್ಟು ಕೈ ದಾಟಿದೆ ಅನ್ನುವ ಲೆಕ್ಕ ನನಗೆ ಹಿಡಿಸಿತು. ತಮ್ಮನಿಗೆ ಓದಿ ಹೇಳಿದೆ, ಅವನು ಗ್ರೇಡಿಯನ್ನು ಒಪ್ಪಿಕೊಂಡ, ಟೈಪ್‌ರೈಟರ್ ವಿಷಯದಲ್ಲಿ ಇನ್ನೂ ಹಟ ಹಿಡಿದಿದ್ದಾನೆ. ಬಣ್ಣ ಬದಲಾಗಲು ಒಬ್ಬರು ಇನ್ನೊಂದು ಮೆಷಿನ್ ತರಬೇಕು, ಇಲ್ಲ ಅದಕ್ಕೇ ಬಣ್ಣ ಹೊಡೆಯಬೇಕು, ಕುರ್ಚಿ ಥರ ಸುಮ್ನೆ ಆಗುವಂಥದ್ದಲ್ಲ ಅಂತ ನಾನು ಹೇಳಿದರೆ, ಒಂದು ಕೆಟ್ಟುಹೋಗಿರಬೇಕು ಅಂತಾನೆ.

ಇವತ್ತು ಬೆಳಿಗ್ಗೆ ಇನ್ನೊಂದು ಪ್ರಯೋಗ ಮಾಡಿದೆವು. ಅಮ್ಮನನ್ನು ಕೂರಿಸಿ ಆ ಟೈಪಿಂಗ್ ಸೀನ್ ಒಂದನ್ನೇ ಹಾಕಿದೆವು. ಏನೂ ಹೇಳಲಿಲ್ಲ, ಎಲ್ಲೂ ನಿಲ್ಲಿಸಲಿಲ್ಲ. ಅಮ್ಮ ಈ ಸಿನಿಮಾ ನೋಡಿಲ್ಲ, ಇಂಗ್ಲಿಷ್ ಸಿನಿಮಾ ಅಂದರೆ ಅಷ್ಟಕ್ಕಷ್ಟೇ. ಕನ್ನಡಕ ಹಾಕಿಕೊಂಡು ಕೊನೆತನಕ ನೋಡಿದರು. ಮುಗಿದ ಮೇಲೆ ಏನಾದರೂ ವಿಚಿತ್ರ ಕಾಣಿಸಿತಾ ಅಂತ ತಮ್ಮ ಕೇಳಿದ.

"ಅವಳು ಅಷ್ಟು ಪ್ರೀತಿಯಿಂದ ಬಂದು ಕೇಳಿದರೆ ಹಾಗಾ ಮಾತಾಡೋದು? ಆ ಮನುಷ್ಯನ ಕಣ್ಣೇ ಸರಿಯಿಲ್ಲ. ಇವಳು ಮಗೂನ ಕರ್ಕೊಂಡು ಮೊದಲು ಅಲ್ಲಿಂದ ಹೊರಡಬೇಕು" ಅಂದರು.

"ಅದಲ್ಲಮ್ಮ, ಹಿಂದಗಡೆ ಕುರ್ಚಿ?" ಅಂದ ತಮ್ಮ.

"ಯಾವ ಕುರ್ಚಿನೋ?"